ಜಂಕ್ಷನ್‌ಗಳ ಗೊಂದಲದ ಗೆರೆಗಳು: ಕಲಿಕಾ ಚಾಲಕರು ತಿಳಿದಿರಬೇಕಾದ ಸಂಗತಿಗಳು

ವಾಹನ ಚಾಲನೆ ಕಲಿಯುವವರಿಗೆ ಕ್ಲಚ್, ಗೇರ್, ಬ್ರೇಕುಗಳ ಹೊಂದಾಣಿಕೆ ಕೆಲವೇ ದಿನಗಳಲ್ಲಿ ಕೈಕಾಲಿಗೆ ಒಗ್ಗುತ್ತದೆ. ನಗರದ ಜಂಕ್ಷನ್ ಎದುರಾದಾಗ ರಸ್ತೆಯ ಮೇಲೆ ಬಳಿದ ಬಿಳಿ, ಹಳದಿ ಗೆರೆಗಳನ್ನು ಓದಿ, ಯಾವ ಲೇನ್ ಹಿಡಿಯಬೇಕು, ಎಲ್ಲಿ ನಿಲ್ಲಬೇಕು, ಯಾರಿಗೆ ದಾರಿ ಬಿಡಬೇಕು ಎಂಬುದನ್ನು ನಾಲ್ಕೈದು ಸೆಕೆಂಡುಗಳಲ್ಲಿ ನಿರ್ಧರಿಸುವ ಕೆಲಸ ಮಾತ್ರ ತಿಂಗಳುಗಟ್ಟಲೆ ಕಾಡುತ್ತದೆ. ಗೆರೆಗಳು ಸ್ಪಷ್ಟವಾಗಿದ್ದರೂ ಇದು ಸುಲಭವಲ್ಲ. ಅರ್ಧ ಅಳಿಸಿಹೋದ ಬಾಣ, ಹಳೆಯ ಗೆರೆಯನ್ನು ಅಡ್ಡ ಹಾಯ್ದ ಹೊಸ ಗೆರೆ, ಒಂದು ದಿಕ್ಕು ತೋರುವ ಫಲಕ, ಇನ್ನೊಂದು ದಿಕ್ಕು ತೋರುವ ನೆಲ, ಹಿಂದಿನಿಂದ ಬಿಡದೆ ಮೊಳಗುವ ಹಾರನ್ ಇವೆಲ್ಲ ಒಟ್ಟಾದಾಗ ಅನುಭವಿ ಚಾಲಕರೇ ತಬ್ಬಿಬ್ಬಾಗುತ್ತಾರೆ.

ಇಂತಹ ಸಂದರ್ಭದಲ್ಲಿ ತಪ್ಪು ಲೇನ್‌ಗೆ ಹೋದದ್ದರಿಂದ ಆಗುವ ಹಾನಿ ಕಡಿಮೆ. ಆ ತಪ್ಪನ್ನು ಕೊನೆಯ ಗಳಿಗೆಯಲ್ಲಿ ತಿದ್ದಿಕೊಳ್ಳಲು ಹಠಾತ್ತನೆ ಸ್ಟಿಯರಿಂಗ್ ತಿರುಗಿಸುವುದರಿಂದ ಆಗುವ ಹಾನಿ ಬಹಳ ಹೆಚ್ಚು. ಕಾರಿನ ಎಡಬದಿಯಲ್ಲಿ ನುಸುಳಿ ಬರುತ್ತಿರುವ ದ್ವಿಚಕ್ರ ವಾಹನ ಸವಾರ ಈ ಒಂದು ಕ್ಷಣಕ್ಕೆ ಬಲಿಯಾಗಬಹುದು. ಆದ್ದರಿಂದ ಗೆರೆಗಳ ಅರ್ಥ ತಿಳಿಯುವುದರ ಜೊತೆಗೆ, ಅರ್ಥವಾಗದಿದ್ದಾಗ ಏನು ಮಾಡಬೇಕು ಎಂಬುದನ್ನೂ ಕಲಿಕಾ ಚಾಲಕರು ಮೊದಲೇ ನಿಶ್ಚಯಿಸಿಕೊಂಡಿರಬೇಕು.

ಕಾನೂನು ಏನು ಹೇಳುತ್ತದೆ?

ಕಲಿಕಾ ಪರವಾನಗಿ, ಅಂದರೆ ಜನರ ಬಾಯಲ್ಲಿ ಎಲ್‌ಎಲ್‌ಆರ್, ಆರು ತಿಂಗಳ ಅವಧಿಗೆ ದೊರೆಯುತ್ತದೆ. ಅದು ದೊರೆತ 30 ದಿನಗಳ ನಂತರವೇ ಚಾಲನಾ ಪರೀಕ್ಷೆಗೆ ಹಾಜರಾಗಬಹುದು. ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ರ ಪ್ರಕಾರ ವಾಹನದ ಮುಂದೆ ಮತ್ತು ಹಿಂದೆ ಬಿಳಿ ಹಿನ್ನೆಲೆಯಲ್ಲಿ ಕೆಂಪು ಬಣ್ಣದ ‘ಎಲ್’ ಅಕ್ಷರ ಇರಬೇಕು. ಚಾಲನಾ ಪರವಾನಗಿ ಹೊಂದಿದ ವ್ಯಕ್ತಿಯೊಬ್ಬರು, ಅಗತ್ಯ ಬಿದ್ದರೆ ವಾಹನವನ್ನು ನಿಲ್ಲಿಸಲು ಸಾಧ್ಯವಾಗುವ ಜಾಗದಲ್ಲಿ ಜೊತೆಗೆ ಕುಳಿತಿರಬೇಕು.

ರಸ್ತೆಯಲ್ಲಿ ನಡೆದುಕೊಳ್ಳಬೇಕಾದ ರೀತಿಯನ್ನು 2017ರ ಮೋಟಾರು ವಾಹನಗಳ ಚಾಲನಾ ನಿಬಂಧನೆಗಳು ವಿವರಿಸುತ್ತವೆ. 1989ರಲ್ಲಿ ಜಾರಿಗೆ ಬಂದಿದ್ದ ಹಳೆಯ ನಿಬಂಧನೆಗಳ ಸ್ಥಾನಕ್ಕೆ ಇವು ಬಂದವು. ಗೆರೆಗಳ ಅಗಲ, ಉದ್ದ, ಬಣ್ಣ ಇತ್ಯಾದಿಗಳನ್ನು ನಿರ್ಧರಿಸುವುದು ಭಾರತೀಯ ರಸ್ತೆ ಕಾಂಗ್ರೆಸ್‌ನ ‘ಐಆರ್‌ಸಿ 35’ ಎಂಬ ಸಂಹಿತೆ. ಇದು 2015ರಲ್ಲಿ ಪರಿಷ್ಕೃತಗೊಂಡಿದೆ. ಹಾಗಾಗಿ ಹತ್ತಾರು ವರ್ಷಗಳ ಹಿಂದೆ ಚಾಲನೆ ಕಲಿತ ಮನೆಯ ಹಿರಿಯರು ಹೇಳಿಕೊಡುವ ಪಾಠಕ್ಕೂ ಇಂದಿನ ನಿಯಮಕ್ಕೂ ಅಲ್ಲಲ್ಲಿ ವ್ಯತ್ಯಾಸ ಇರುವುದು ಸಹಜ.

2019ರ ತಿದ್ದುಪಡಿಯ ನಂತರ ಕೆಂಪು ದೀಪ ದಾಟುವುದು, ‘ನಿಲ್ಲಿ’ ಫಲಕವನ್ನು ಉಲ್ಲಂಘಿಸುವುದು, ನಿಗದಿತ ದಿಕ್ಕಿಗೆ ವಿರುದ್ಧವಾಗಿ ಚಲಿಸುವುದು ಇವು ಅಪಾಯಕಾರಿ ಚಾಲನೆಯ ವ್ಯಾಖ್ಯೆಯೊಳಗೆ ಸೇರಿವೆ. ಬೆಂಗಳೂರಿನಲ್ಲಿ 2022ರ ಡಿಸೆಂಬರ್‌ನಿಂದ ಆಯ್ದ ಜಂಕ್ಷನ್‌ಗಳಲ್ಲಿ ಅಳವಡಿಸಿರುವ ಸ್ವಯಂಚಾಲಿತ ಕ್ಯಾಮೆರಾಗಳು, ನಿಲುಗಡೆ ಗೆರೆ ದಾಟಿ ನಿಂತ ವಾಹನವನ್ನೂ ಗುರುತಿಸುತ್ತವೆ. ಕ್ಯಾಮೆರಾಕ್ಕೆ ‘ಎಲ್’ ಫಲಕದ ಮೇಲೆ ಕರುಣೆ ಇಲ್ಲ.

ಗೆರೆಗಳ ಭಾಷೆ

ರಸ್ತೆ ಗುರುತುಗಳನ್ನು ಬಾಯಿಪಾಠ ಮಾಡುವುದಕ್ಕಿಂತ ಅವುಗಳ ಹಿಂದಿನ ತರ್ಕವನ್ನು ಹಿಡಿಯುವುದು ಸುಲಭ. ತುಂಡು ತುಂಡಾದ ಗೆರೆ ಅನುಮತಿಯ ಗೆರೆ, ಸುರಕ್ಷಿತವೆನಿಸಿದರೆ ದಾಟಬಹುದು. ಅಖಂಡ ಗೆರೆ ನಿರ್ಬಂಧದ ಗೆರೆ, ದಾಟಬಾರದು. ಎರಡು ಗೆರೆಗಳು ಜೊತೆಯಾಗಿದ್ದು ಒಂದು ತುಂಡಾಗಿ, ಇನ್ನೊಂದು ಅಖಂಡವಾಗಿ ಇದ್ದರೆ, ಚಾಲಕನಿಗೆ ಹತ್ತಿರವಿರುವ ಗೆರೆಯೇ ಆತನಿಗೆ ಅನ್ವಯ. ಜಂಕ್ಷನ್ ಸಮೀಪಿಸಿದಂತೆ ಲೇನ್‌ಗಳ ನಡುವಿನ ತುಂಡು ಗೆರೆ ಅಖಂಡವಾಗುವುದನ್ನು ಗಮನಿಸಬೇಕು. ಲೇನ್ ಬದಲಿಸುವ ಕಾಲ ಮುಗಿಯಿತು ಎಂದು ರಸ್ತೆಯೇ ಹೇಳುವ ಮಾತು ಅದು.

ರಸ್ತೆಗೆ ಅಡ್ಡಲಾಗಿ ಬಳಿದ ದಪ್ಪ ಬಿಳಿ ಗೆರೆ ನಿಲುಗಡೆ ಗೆರೆ. ವಾಹನದ ಯಾವ ಭಾಗವೂ ಅದನ್ನು ದಾಟದಂತೆ ನಿಲ್ಲಬೇಕು. ಅದರ ಮುಂದೆ ಪಾದಚಾರಿಗಳ ಜೀಬ್ರಾ ಪಟ್ಟೆ ಇರುತ್ತದೆ. ಬಾನೆಟ್ ಎಷ್ಟು ಉದ್ದಕ್ಕೆ ಚಾಚಿದೆ ಎಂಬ ಅಂದಾಜು ಹೊಸಬರಿಗೆ ಇರುವುದಿಲ್ಲ. ಚಾಲಕನ ಆಸನದಿಂದ ಗೆರೆ ಬಾನೆಟ್ಟಿನ ಅಂಚಿನಲ್ಲಿ ಮರೆಯಾಗುವ ಹೊತ್ತಿಗೆ ಕಾರು ಇನ್ನೂ ಕೆಲವು ಅಡಿ ಹಿಂದೆಯೇ ಇರುತ್ತದೆ. ಆ ಕ್ಷಣದಲ್ಲಿ ನಿಂತರೆ ಸಾಕು.

ಸಣ್ಣ ರಸ್ತೆಯೊಂದು ದೊಡ್ಡ ರಸ್ತೆಗೆ ಸೇರುವಲ್ಲಿ ಅಡ್ಡಲಾಗಿ ಎರಡು ತುಂಡು ಗೆರೆಗಳಿದ್ದರೆ ಅದು ‘ದಾರಿ ಬಿಡಿ’ ಎಂಬ ಗುರುತು. ಅಲ್ಲಿ ವೇಗ ತಗ್ಗಿಸಿ, ದೊಡ್ಡ ರಸ್ತೆಯಲ್ಲಿ ವಾಹನವಿದ್ದರೆ ನಿಂತು, ಇಲ್ಲದಿದ್ದರೆ ನಿಲ್ಲದೆಯೇ ಮುಂದುವರಿಯಬಹುದು. ಎಂಟು ಮೂಲೆಗಳ ಕೆಂಪು ‘ನಿಲ್ಲಿ’ ಫಲಕ ಇರುವಲ್ಲಿ ಹಾಗಲ್ಲ. ರಸ್ತೆ ಖಾಲಿ ಇದ್ದರೂ ಚಕ್ರಗಳು ಪೂರ್ತಿ ನಿಲ್ಲಬೇಕು.

ಜಂಕ್ಷನ್‌ನ ಮಧ್ಯೆ ಬಲೆಯಂತೆ ಹೆಣೆದ ಹಳದಿ ಗೆರೆಗಳ ಚೌಕವಿದ್ದರೆ ಅದರೊಳಗೆ ನಿಲ್ಲುವಂತಿಲ್ಲ. ಆಚೆ ಬದಿಯಲ್ಲಿ ತನ್ನ ವಾಹನಕ್ಕೆ ಜಾಗವಿದೆ ಎಂದು ಖಚಿತವಾಗುವ ತನಕ, ಹಸಿರು ದೀಪ ಇದ್ದರೂ, ಚೌಕವನ್ನು ಪ್ರವೇಶಿಸಬಾರದು. ಕಲಿಯುವವರಿಗೆ ಇದು ಅತ್ಯಂತ ಕಷ್ಟದ ಪಾಠ. ಮುಂದೆ ಹತ್ತಡಿ ಖಾಲಿ ಬಿಟ್ಟು ನಿಂತ ಕೂಡಲೇ ಹಿಂದಿನವರು ಹಾರನ್ ಬಾರಿಸುತ್ತಾರೆ, ಪಕ್ಕದಿಂದ ಆಟೋ ಒಂದು ಬಂದು ಆ ಜಾಗವನ್ನು ತುಂಬುತ್ತದೆ. ಆದರೂ ನಿಂತವರದ್ದೇ ಸರಿ.

ಓರೆ ಪಟ್ಟೆಗಳಿಂದ ತುಂಬಿದ ತ್ರಿಕೋನಾಕಾರದ ಜಾಗ, ಮೇಲ್ಸೇತುವೆಯ ಬಾಯಲ್ಲಿ ಅಥವಾ ರಸ್ತೆ ಕವಲೊಡೆಯುವಲ್ಲಿ ಕಾಣಸಿಗುತ್ತದೆ. ಇದು ಸಂಚಾರಕ್ಕಿರುವ ಜಾಗವಲ್ಲ. ಮೇಲೆ ಹೋಗುವುದೋ ಕೆಳಗೆ ಹೋಗುವುದೋ ಎಂದು ನಿರ್ಧರಿಸಲಾಗದ ಚಾಲಕರು ಅನೇಕ ವೇಳೆ ಇದೇ ತ್ರಿಕೋನದಲ್ಲಿ ಬ್ರೇಕ್ ಹಾಕಿ ನಿಂತು ಯೋಚಿಸುತ್ತಾರೆ. ಹಿಂದಿನಿಂದ ವೇಗವಾಗಿ ಬರುವ ವಾಹನಕ್ಕೆ ಇದಕ್ಕಿಂತ ಕೆಟ್ಟ ಅಡ್ಡಿ ಇನ್ನೊಂದಿಲ್ಲ.

ಗೊಂದಲ ಹುಟ್ಟುವುದು ಎಲ್ಲಿ?

ನಮ್ಮ ನಗರಗಳಲ್ಲಿ ರಸ್ತೆಯ ಬಳಕೆ ಬದಲಾಗುವಷ್ಟು ಬೇಗ ಗೆರೆಗಳು ಬದಲಾಗುವುದಿಲ್ಲ. ದ್ವಿಮುಖ ರಸ್ತೆ ಏಕಮುಖವಾಗುತ್ತದೆ, ಮೆಟ್ರೋ ಕಾಮಗಾರಿಗೆ ಅರ್ಧ ರಸ್ತೆ ಬೇಲಿಯೊಳಗೆ ಸೇರುತ್ತದೆ, ಬಲ ತಿರುವು ಮುಚ್ಚಿ ಮುಂದೆ ಯೂ ತಿರುವು ಕೊಡಲಾಗುತ್ತದೆ. ನೆಲದ ಮೇಲಿನ ಬಾಣ ಮಾತ್ರ ಹಳೆಯ ದಿಕ್ಕನ್ನೇ ತೋರುತ್ತಿರುತ್ತದೆ. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ 2019ರಲ್ಲಿ ಬಸ್ ಆದ್ಯತಾ ಪಥವನ್ನು ಗುರುತಿಸಿ ಗೂಟಗಳನ್ನು ನೆಡಲಾಗಿತ್ತು. ಬಳಿಕ ಅದೇ ಮಾರ್ಗದಲ್ಲಿ ಮೆಟ್ರೋ ಕಾಮಗಾರಿ ಆರಂಭವಾದಾಗ ಆ ವ್ಯವಸ್ಥೆ ಬಹುಪಾಲು ಕಣ್ಮರೆಯಾಯಿತು. ಇಂತಹ ಪ್ರತಿಯೊಂದು ಬದಲಾವಣೆಯ ನಂತರವೂ ಹಳೆಯ ಗೆರೆಯ ಚೂರುಪಾರು ಉಳಿದುಕೊಳ್ಳುವುದುಂಟು.

ಹಳೆಯ ಗೆರೆಗಳನ್ನು ಕೆರೆದು ತೆಗೆಯುವ ಬದಲು ಕಪ್ಪು ಬಣ್ಣ ಬಳಿದು ಮುಚ್ಚುವ ರೂಢಿಯೂ ಇದೆ. ಕಪ್ಪು ಬಣ್ಣ ಸವೆದಂತೆ ಹಳೆಯ ಗೆರೆ ಮತ್ತೆ ಇಣುಕುತ್ತದೆ. ಒದ್ದೆ ರಸ್ತೆಯಲ್ಲಿ, ಇಳಿಬಿಸಿಲಿನಲ್ಲಿ ಆ ಕಪ್ಪು ಪಟ್ಟಿಯೇ ಬೆಳಕನ್ನು ಪ್ರತಿಫಲಿಸಿ ಬಿಳಿ ಗೆರೆಯಂತೆ ತೋರುವುದೂ ಉಂಟು. ಎರಡರಲ್ಲಿ ಯಾವುದು ಈಗಿನದು ಎಂದು ಪತ್ತೆಹಚ್ಚಲು ಒಂದು ಸರಳ ಉಪಾಯವಿದೆ. ಚಾಲ್ತಿಯಲ್ಲಿರುವ ಗೆರೆ ಜಂಕ್ಷನ್‌ವರೆಗೂ ಸಾಗಿ ನಿಲುಗಡೆ ಗೆರೆಯನ್ನೋ, ವಿಭಜಕದ ತುದಿಯನ್ನೋ ಸೇರುತ್ತದೆ. ರದ್ದಾದ ಗೆರೆ ನಡುವೆ ಎಲ್ಲೋ ತುಂಡಾಗಿ ಅರ್ಥವಿಲ್ಲದೆ ಮುಗಿಯುತ್ತದೆ.

ನಗರಗಳಲ್ಲಿ ಡಾಂಬರಿನ ಬದಲು ಕಾಂಕ್ರೀಟ್ ಹೊದಿಸಿದ ರಸ್ತೆಗಳು ಹೆಚ್ಚುತ್ತಿವೆ. ತಿಳಿಬಣ್ಣದ ಕಾಂಕ್ರೀಟಿನ ಮೇಲೆ ಬಿಳಿ ಗೆರೆ ಕಪ್ಪು ಡಾಂಬರಿನ ಮೇಲೆ ಕಂಡಷ್ಟು ಎದ್ದು ಕಾಣುವುದಿಲ್ಲ. ಜೊತೆಗೆ ಕಾಂಕ್ರೀಟ್ ಹಾಸುಗಳ ನಡುವಿನ ಉದ್ದನೆಯ ಸಂದುಗಳನ್ನೇ ಲೇನ್ ಗೆರೆ ಎಂದು ತಪ್ಪಾಗಿ ಭಾವಿಸುವ ಸಾಧ್ಯತೆಯೂ ಇದೆ.

ವಾಹನ ದಟ್ಟಣೆಯ ಸಮಯದಲ್ಲಿ ಇನ್ನೊಂದು ತೊಡಕು. ಬಾಣದ ಗುರುತು ಮುಂದಿನ ವಾಹನದ ಅಡಿಯಲ್ಲಿ ಅಡಗಿರುತ್ತದೆ. ಮುಂದಿನ ವಾಹನದ ಹಿಂಬದಿ ಟೈರುಗಳು ನೆಲಕ್ಕೆ ತಾಗುವ ಜಾಗ ಕಾಣುವಷ್ಟು ಅಂತರ ಉಳಿಸಿಕೊಂಡರೆ ಗುರುತು ಕಣ್ಣಿಗೆ ಬೀಳುವ ಅವಕಾಶ ಹೆಚ್ಚು. ಬಾಣಗಳನ್ನು ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಬಾರಿ ಬಳಿದಿರುತ್ತಾರೆ. ಹೀಗಾಗಿ ಮೊದಲನೆಯದು ತಪ್ಪಿದರೂ ಎರಡನೆಯದು ಸಿಗುತ್ತದೆ.

ಯಾರ ಮಾತು ಕೇಳಬೇಕು?

ಗುರುತುಗಳು ಒಂದಕ್ಕೊಂದು ವಿರುದ್ಧವಾಗಿದ್ದರೆ ಅನುಸರಿಸಬೇಕಾದ ಕ್ರಮ ಸ್ಪಷ್ಟವಾಗಿದೆ. ಸಮವಸ್ತ್ರದಲ್ಲಿರುವ ಪೊಲೀಸ್ ಸಿಬ್ಬಂದಿಯ ಸನ್ನೆಯೇ ಎಲ್ಲಕ್ಕಿಂತ ಮೇಲು. ಅದರ ನಂತರ ಸಿಗ್ನಲ್ ದೀಪ. ದಾರಿಯ ಆದ್ಯತೆಯನ್ನು ಹೇಳುವ ಫಲಕ, ಗೆರೆಗಳು ಅದರ ಕೆಳಗೆ. ಕಾಮಗಾರಿಯ ಜಾಗದಲ್ಲಿ ಇರಿಸಿದ ತಾತ್ಕಾಲಿಕ ಫಲಕ ಮತ್ತು ನೆಲದ ಹಳೆಯ ಗೆರೆ ಬೇರೆ ಬೇರೆ ಹೇಳಿದರೆ ತಾತ್ಕಾಲಿಕ ಫಲಕವನ್ನೇ ನಂಬುವುದು ವಿವೇಕ. ಅದನ್ನು ಇಟ್ಟವರು ಇಂದಿನ ಸ್ಥಿತಿಯನ್ನು ನೋಡಿ ಇಟ್ಟಿರುತ್ತಾರೆ.

ಮೈಸೂರಿನ ದಸರಾ ದಿನಗಳು ಇದಕ್ಕೆ ಒಳ್ಳೆಯ ನಿದರ್ಶನ. ದೀಪಾಲಂಕಾರ ನೋಡಲು ಜನ ಸೇರುವ ಸಂಜೆಗಳಲ್ಲಿ ಅರಮನೆ ಸುತ್ತಲಿನ ರಸ್ತೆಗಳನ್ನು ಏಕಮುಖ ಸಂಚಾರಕ್ಕೆ ಬದಲಿಸುವುದು ವಾಡಿಕೆ. ವರ್ಷವಿಡೀ ನಂಬಿದ ಬಾಣಗಳು ಆ ದಿನಗಳಲ್ಲಿ ಲೆಕ್ಕಕ್ಕಿಲ್ಲ. ಬ್ಯಾರಿಕೇಡ್ ಬಳಿ ನಿಂತ ಸಿಬ್ಬಂದಿ ತೋರಿದತ್ತ ಹೋಗಬೇಕು. ಆ ಸಂಜೆಗಳಲ್ಲಿ ಹೊಸಬರು ಅತ್ತ ಸುಳಿಯದಿರುವುದೇ ಲೇಸು ಎಂಬುದು ಬೇರೆ ಮಾತು.

ಪೊಲೀಸರೂ ಇಲ್ಲದೆ, ಸಿಗ್ನಲ್ಲೂ ಕೆಟ್ಟು, ಗೆರೆಯೂ ಅಳಿಸಿಹೋಗಿದ್ದರೆ ಮೂಲ ನಿಯಮ ಉಳಿಯುತ್ತದೆ: ಮುಖ್ಯರಸ್ತೆಗೆ ಸೇರುವವರು ಆ ರಸ್ತೆಯ ವಾಹನಗಳಿಗೆ ದಾರಿ ಬಿಡಬೇಕು, ಸಮಾನ ರಸ್ತೆಗಳು ಕೂಡುವಲ್ಲಿ ಬಲಗಡೆಯಿಂದ ಬರುವ ವಾಹನಕ್ಕೆ ದಾರಿ ಬಿಡಬೇಕು. ರಾತ್ರಿ ಸಿಗ್ನಲ್‌ನಲ್ಲಿ ಹಳದಿ ದೀಪ ಮಿಟುಕುತ್ತಿದ್ದರೆ ಅದು ‘ಹೋಗಿ’ ಎಂಬ ಸೂಚನೆಯಲ್ಲ, ನಿಧಾನಿಸಿ ನೋಡಿಕೊಂಡು ಸಾಗಿ ಎಂಬ ಎಚ್ಚರಿಕೆ. ಮಿಟುಕುವ ಕೆಂಪು ದೀಪಕ್ಕೆ ಒಮ್ಮೆ ಪೂರ್ತಿ ನಿಂತು ಮುಂದುವರಿಯಬೇಕು. ಎದುರಿನ ವಾಹನ ಈ ನಿಯಮಗಳನ್ನು ಪಾಲಿಸುತ್ತದೆ ಎಂಬ ನಂಬಿಕೆ ಮಾತ್ರ ಬೇಡ. ನಮ್ಮ ರಸ್ತೆಗಳಲ್ಲಿ ದೊಡ್ಡ ವಾಹನವೇ ದಾರಿಯ ಹಕ್ಕುದಾರ ಎಂಬ ಅಲಿಖಿತ ಕಾನೂನು ಬಲವಾಗಿದೆ. ತನ್ನ ಸರದಿ ಇದ್ದರೂ ಬಸ್ಸು ನಿಲ್ಲುವುದನ್ನು ಕಣ್ಣಾರೆ ಕಂಡ ಮೇಲೆಯೇ ಕ್ಲಚ್ ಬಿಡಬೇಕು.

‘ಫ್ರೀ ಲೆಫ್ಟ್’ ಬಗ್ಗೆ ತಪ್ಪು ತಿಳಿವಳಿಕೆ ವ್ಯಾಪಕ. ಎಡಕ್ಕೆ ಯಾವಾಗಲೂ ತಿರುಗಬಹುದು ಎಂದು ಅನೇಕರು ಭಾವಿಸುತ್ತಾರೆ. ಅದಕ್ಕೆ ಅನುಮತಿ ನೀಡುವ ಫಲಕ ಅಥವಾ ಹಸಿರು ಬಾಣ ಇದ್ದರೆ ಮಾತ್ರ ಕೆಂಪು ದೀಪದಲ್ಲಿ ಎಡಕ್ಕೆ ಹೋಗಬಹುದು. ಅಂತಹ ಅನುಮತಿ ಇರುವ ಕಡೆ ನೇರ ಹೋಗುವವರು ಎಡ ತುದಿಯ ಲೇನ್‌ನಲ್ಲಿ ನಿಂತು ಇತರರನ್ನು ತಡೆಯಬಾರದು. ತಿರುವಿನ ಬಾಯಲ್ಲಿರುವ ಜೀಬ್ರಾ ಪಟ್ಟೆಯ ಮೇಲೆ ಪಾದಚಾರಿ ಇದ್ದರೆ ಎಡ ತಿರುವಿನವರೇ ನಿಲ್ಲಬೇಕು.

ತಪ್ಪು ಲೇನ್‌ನಲ್ಲಿ ಸಿಲುಕಿದರೆ

ಗಂಟೆಗೆ 40 ಕಿ.ಮೀ. ವೇಗದಲ್ಲಿ ಸಾಗುವ ವಾಹನ ಒಂದು ಸೆಕೆಂಡಿನಲ್ಲಿ ಸುಮಾರು 11 ಮೀಟರ್ ಕ್ರಮಿಸುತ್ತದೆ. ಕನ್ನಡಿ ನೋಡಿ, ಇಂಡಿಕೇಟರ್ ಹಾಕಿ, ಪಕ್ಕಕ್ಕೆ ಒಮ್ಮೆ ಕತ್ತು ಹೊರಳಿಸಿ ಲೇನ್ ಬದಲಿಸಲು ಹೊಸಬರಿಗೆ ಕನಿಷ್ಠ ಐದಾರು ಸೆಕೆಂಡು ಬೇಕು. ಅಂದರೆ 60 ಮೀಟರ್‌ಗಿಂತ ಕಡಿಮೆ ದೂರವಿರುವಾಗ ‘ಅಯ್ಯೋ, ಬಲಕ್ಕೆ ಹೋಗಬೇಕಿತ್ತು’ ಎಂದು ಹೊಳೆದರೆ ಅದಾಗಲೇ ತಡವಾಗಿದೆ.

ಆಗ ಮಾಡಬೇಕಾದದ್ದು ಒಂದೇ. ತಾನಿರುವ ಲೇನ್‌ನ ಬಾಣ ಎತ್ತ ತೋರುತ್ತದೋ ಅತ್ತಲೇ ಹೋಗಬೇಕು. ಬಲಕ್ಕೆ ಹೋಗಬೇಕಾದವರು ನೇರ ಹೋಗಿ, ಮುಂದಿನ ಅನುಮತಿಯುಳ್ಳ ಜಾಗದಲ್ಲಿ ತಿರುಗಿ ಬರಲಿ. ನೇರ ಹೋಗಬೇಕಾದವರು ಎಡ ತಿರುವಿನ ಲೇನ್‌ನಲ್ಲಿದ್ದರೆ ಎಡಕ್ಕೇ ತಿರುಗಲಿ. ಇದರಿಂದ ಖರ್ಚಾಗುವುದು ಹತ್ತು ನಿಮಿಷ ಮತ್ತು ಸ್ವಲ್ಪ ಪೆಟ್ರೋಲ್. ಸಿಗ್ನಲ್ ಬಿದ್ದು ಎಲ್ಲರೂ ನಿಂತಿರುವಾಗ ಪಕ್ಕದವರಿಗೆ ಕೈಸನ್ನೆ ಮಾಡಿ ನುಸುಳುವ ಅಭ್ಯಾಸ ಕೆಲವರಿಗಿದೆ. ಪಕ್ಕದ ಕಾರಿನವರು ದಾರಿ ಬಿಟ್ಟರೂ ಎರಡು ಕಾರುಗಳ ನಡುವೆ ಬರುವ ಬೈಕಿಗೆ ಆ ಒಪ್ಪಂದ ತಿಳಿದಿರುವುದಿಲ್ಲ.

ಜೊತೆಗಿರುವ ತರಬೇತುದಾರರ ಪಾತ್ರ ಇಲ್ಲಿ ದೊಡ್ಡದು. ಜಂಕ್ಷನ್ ಬಾಯಿಗೆ ಬಂದ ಮೇಲೆ ‘ಮೇಡಂ, ರೈಟ್ ತಗೊಳ್ಳಿ’ ಎನ್ನುವ ತರಬೇತುದಾರರು ವಿರಳವಲ್ಲ. ಡ್ರೈವಿಂಗ್ ಸ್ಕೂಲ್‌ನ ಕಾರಿನಲ್ಲಿ ಅವರ ಕಾಲಬುಡದಲ್ಲೂ ಬ್ರೇಕ್ ಇರುವುದರಿಂದ ಅವರಿಗೆ ಅದು ಚಿಕ್ಕ ವಿಷಯ. ಮನೆಯ ಕಾರಿನಲ್ಲಿ ಅಣ್ಣನನ್ನೋ ಮಾವನನ್ನೋ ಕೂರಿಸಿಕೊಂಡು ಕಲಿಯುವವರಿಗೆ ಆ ರಕ್ಷಣೆ ಇಲ್ಲ. ಯಾವ ಕಡೆ ಹೋಗಬೇಕು ಎಂಬುದನ್ನು ಹಿಂದಿನ ಜಂಕ್ಷನ್ ದಾಟಿದ ಕೂಡಲೇ ಕೇಳಿ ತಿಳಿದುಕೊಳ್ಳುವುದು ಕಲಿಯುವವರ ಹಕ್ಕು.

ವೃತ್ತಗಳು ಮತ್ತು ಸರ್ವೀಸ್ ರಸ್ತೆಗಳು

ದೊಡ್ಡ ವೃತ್ತಗಳಲ್ಲಿ ಒಳಗೆ ಈಗಾಗಲೇ ಸುತ್ತುತ್ತಿರುವ ವಾಹನಗಳಿಗೆ, ಅಂದರೆ ಬಲಗಡೆಯಿಂದ ಬರುವವರಿಗೆ, ಪ್ರವೇಶಿಸುವವರು ದಾರಿ ಬಿಡಬೇಕು. ಮೊದಲ ಎಡ ರಸ್ತೆಗೆ ಹೊರಳುವವರು ಎಡ ಲೇನ್‌ನಲ್ಲೇ ಇರಬೇಕು. ಬಲಕ್ಕೆ ಅಥವಾ ಹಿಂದಕ್ಕೆ ಹೋಗುವವರು ವೃತ್ತದ ನಡುಗಡ್ಡೆಗೆ ಹತ್ತಿರದ ಲೇನ್ ಹಿಡಿದು, ತಮ್ಮ ರಸ್ತೆಗಿಂತ ಒಂದು ರಸ್ತೆ ಮೊದಲೇ ಎಡ ಇಂಡಿಕೇಟರ್ ಹಾಕಿ ಹೊರಕ್ಕೆ ಸರಿಯಬೇಕು. ಐದಾರು ರಸ್ತೆಗಳು ಕೂಡುವ ವೃತ್ತದಲ್ಲಿ ಇಳಿಯಬೇಕಾದ ರಸ್ತೆ ತಪ್ಪಿಹೋದರೆ ಗಾಬರಿ ಬೇಡ. ಇನ್ನೊಂದು ಸುತ್ತು ಹಾಕಲು ಯಾವ ನಿಯಮದ ಅಡ್ಡಿಯೂ ಇಲ್ಲ. ತಪ್ಪನ್ನು ಇಷ್ಟು ಸುಲಭವಾಗಿ ಕ್ಷಮಿಸುವ ಜಂಕ್ಷನ್ ಬೇರೊಂದಿಲ್ಲ.

ಸರ್ವೀಸ್ ರಸ್ತೆ ಮುಖ್ಯರಸ್ತೆಗೆ ಸೇರುವ ಜಾಗಗಳು ಹಾಗಲ್ಲ. ಗೆರೆ ಓರೆಯಾಗಿ ಕಿರಿದಾಗುತ್ತಾ ಬಂದು ಒಂದು ಹಂತದಲ್ಲಿ ಲೇನೇ ಮುಗಿದುಹೋಗುತ್ತದೆ. ಒಳಸೇರುವವರು ಬಲಗನ್ನಡಿಯನ್ನು ನೋಡುತ್ತಾ, ಮುಖ್ಯರಸ್ತೆಯ ವಾಹನಗಳ ವೇಗಕ್ಕೆ ಹೊಂದಿಕೊಂಡು ಸೇರಬೇಕು. ಜಾಗ ಸಿಗದಿದ್ದರೆ ಲೇನ್ ಮುಗಿಯುವ ಮುನ್ನವೇ ನಿಲ್ಲಬೇಕು. ಮುಖ್ಯರಸ್ತೆಯಿಂದ ಹೊರಹೋಗುವವರೂ ಅಲ್ಲೇ ಎಡಕ್ಕೆ ಹೊರಳುವುದರಿಂದ ಎರಡು ಹರಿವುಗಳು ಕತ್ತರಿಯಂತೆ ಹಾಯುತ್ತವೆ. ಮೊದಲ ವಾರಗಳಲ್ಲಿ ಇಂತಹ ಕಡೆ ಕಲಿಯದಿರುವುದು ಒಳ್ಳೆಯದು.

ಜಿಲ್ಲೆಗಳಲ್ಲಿ ಸಮಸ್ಯೆ ಬೇರೆ. ಹೆದ್ದಾರಿಗೆ ಊರಿನ ರಸ್ತೆ ಸೇರುವಲ್ಲಿ ಗುರುತುಗಳೇ ಇರುವುದಿಲ್ಲ, ಇದ್ದರೆ ಅಡ್ಡಲಾಗಿ ಬಳಿದ ಉಬ್ಬು ಪಟ್ಟಿಗಳು ಮಾತ್ರ. ಚಕ್ರದ ಕೆಳಗೆ ಗಡಗಡ ಸದ್ದು ಮಾಡುವ ಈ ಪಟ್ಟಿಗಳು ಮುಂದೆ ಜಂಕ್ಷನ್ ಅಥವಾ ಜನವಸತಿ ಇದೆ ಎಂಬ ಮುನ್ಸೂಚನೆ. ಊರ ರಸ್ತೆಯಿಂದ ಬರುವವರಿಗೆ ಅಲ್ಲಿ ಗೆರೆ ಇರಲಿ ಬಿಡಲಿ, ಹೆದ್ದಾರಿಯ ಅಂಚೇ ನಿಲುಗಡೆ ಗೆರೆ.

ಮಳೆ ಮತ್ತು ರಾತ್ರಿ

ಇಂದು ಬಳಿಯುವ ಗೆರೆಗಳು ಬಹುಪಾಲು ಬಿಸಿ ಮಾಡಿ ಹರಡುವ ಥರ್ಮೋಪ್ಲಾಸ್ಟಿಕ್ ವಸ್ತುವಿನವು; ನಿಗದಿತ ದಪ್ಪ 2.5 ಮಿ.ಮೀ. ಅದರಲ್ಲಿ ಬೆರೆಸಿದ ಸಣ್ಣ ಗಾಜಿನ ಮಣಿಗಳು ಹೆಡ್‌ಲೈಟ್ ಬೆಳಕನ್ನು ಚಾಲಕನತ್ತ ಹಿಂದಿರುಗಿಸುವುದರಿಂದ ರಾತ್ರಿ ಗೆರೆ ಹೊಳೆಯುತ್ತದೆ. ಮಣಿಗಳು ಸವೆದರೆ ಹಗಲು ಕಾಣುವ ಗೆರೆಯೂ ಇರುಳಲ್ಲಿ ಮಂಕಾಗುತ್ತದೆ. ಮಳೆಯಲ್ಲಿ ನೀರಿನ ತೆಳು ಪೊರೆ ಮಣಿಗಳನ್ನು ಮುಚ್ಚಿದಾಗ ಹೊಸ ಗೆರೆಯೂ ಕಾಣುವುದಿಲ್ಲ. ಆಗ ಕಣ್ಣು ಹುಡುಕಬೇಕಾದದ್ದು ವಿಭಜಕದ ಅಂಚು, ಸಿಗ್ನಲ್ ಕಂಬ ಮತ್ತು ಮುಂದಿನ ವಾಹನದ ಕೆಂಪು ದೀಪಗಳನ್ನು.

ದ್ವಿಚಕ್ರ ವಾಹನ ಕಲಿಯುವವರಿಗೆ ಇನ್ನೊಂದು ಎಚ್ಚರಿಕೆ. ಒದ್ದೆಯಾದ ಗೆರೆ ಡಾಂಬರಿಗಿಂತ ಜಾರು. ಜೀಬ್ರಾ ಪಟ್ಟೆಯ ಮೇಲೆ, ಬಾಣದ ಮೇಲೆ ವಾಹನ ವಾಲಿರುವಾಗ ಬ್ರೇಕ್ ಹಿಡಿಯಬಾರದು. ಬ್ರೇಕ್ ಹಾಕುವುದಿದ್ದರೆ ಪಟ್ಟೆಗೆ ಮೊದಲೇ, ವಾಹನ ನೇರವಾಗಿರುವಾಗಲೇ ಹಾಕಬೇಕು.

ಅಭ್ಯಾಸ ಹೇಗೆ?

ಆರ್‌ಟಿಓ ಪರೀಕ್ಷೆಯಲ್ಲಿ ಎಂಟರ ಆಕಾರದ ಓಟ, ಹಿಮ್ಮುಖ ಚಾಲನೆ, ಏರಿನಲ್ಲಿ ನಿಲ್ಲಿಸಿ ಹೊರಡುವುದು ಇವಕ್ಕೆ ಸಿಗುವಷ್ಟು ಗಮನ ಲೇನ್ ಶಿಸ್ತಿಗೆ ಸಿಗುವುದಿಲ್ಲ. ಪರೀಕ್ಷಾ ಪಥದಲ್ಲಿ ಗೆರೆಗಳು ಅಚ್ಚುಕಟ್ಟು. ಪಕ್ಕದಲ್ಲಿ ಆಟೋ ಇಲ್ಲ, ಬಸ್ಸಿಲ್ಲ. ಪರವಾನಗಿ ಕೈಸೇರಿದ ಮರುದಿನ ಅದೇ ವ್ಯಕ್ತಿ ಸಂಜೆ ಆರು ಗಂಟೆಯ ದಟ್ಟಣೆಯಲ್ಲಿ ಒಬ್ಬಂಟಿಯಾಗಿ ಐದು ರಸ್ತೆಗಳ ಕೂಟವನ್ನು ಎದುರಿಸುತ್ತಾನೆ. ಈ ಅಂತರವನ್ನು ಡ್ರೈವಿಂಗ್ ಸ್ಕೂಲ್‌ಗಳ ಪಾಠ ತುಂಬಿಕೊಡುವುದು ಅಪರೂಪ.

ಭಾನುವಾರ ಬೆಳಗ್ಗೆ ಆರರ ಸುಮಾರಿಗೆ, ತಾವು ನಿತ್ಯ ಬಳಸಲಿರುವ ಮಾರ್ಗದ ಜಂಕ್ಷನ್‌ಗಳನ್ನು ಒಂದೊಂದಾಗಿ ದಾಟುವುದು ಉತ್ತಮ ಅಭ್ಯಾಸ. ಅದಕ್ಕೂ ಮೊದಲು ಒಮ್ಮೆ ಪಾದಚಾರಿ ಮಾರ್ಗದಲ್ಲಿ ನಿಂತು, ಯಾವ ಲೇನ್‌ನ ವಾಹನಗಳು ಎತ್ತ ಹೋಗುತ್ತವೆ, ಹಸಿರು ದೀಪ ಯಾವ ಕಡೆಗೆ ಮೊದಲು ಬರುತ್ತದೆ, ಯಾವ ಬಾಣ ಸವೆದಿದೆ ಎಂದು ನೋಡಿಕೊಂಡರೆ ಇನ್ನೂ ಒಳ್ಳೆಯದು. ಬಸ್ಸಿನಲ್ಲಿ ಅದೇ ಮಾರ್ಗವಾಗಿ ಹೋಗುವಾಗ ಮುಂದಿನ ಸೀಟಿನಲ್ಲಿ ಕುಳಿತು ಚಾಲಕ ಯಾವಾಗ ಲೇನ್ ಬದಲಿಸುತ್ತಾನೆ ಎಂಬುದನ್ನು ಗಮನಿಸಬಹುದು. ಅದಕ್ಕೆ ಟಿಕೆಟ್ ದರವಷ್ಟೇ ಶುಲ್ಕ. ಎರಡನೆಯ ಭಾನುವಾರ ಎಂಟು ಗಂಟೆಗೆ, ಮೂರನೆಯ ವಾರ ಕೆಲಸದ ದಿನದ ಮಧ್ಯಾಹ್ನಕ್ಕೆ ಎಂದು ದಟ್ಟಣೆಯನ್ನು ಹಂತ ಹಂತವಾಗಿ ಏರಿಸಿಕೊಳ್ಳಬೇಕು. ಸಂಜೆಯ ಸಂಚಾರವನ್ನು, ಅದರಲ್ಲೂ ಮಳೆಯ ಸಂಜೆಯನ್ನು, ಕೊನೆಗೆ ಉಳಿಸಿಕೊಳ್ಳುವುದು ಕ್ಷೇಮ.